ಉಡುಪೂ ಒಂದು ಪಠ್ಯ: ಇಪ್ಪತ್ತನೆಯ ಶತಮಾನದ ಆರಂಭದ ಬ್ಯಾಲೆ ಮತ್ತು ಆಹಾರ್ಯದ ಚರಿತ್ರೆ

1

ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸುವ ನಾಟ್ಯಶಾಸ್ತ್ರವು ಆಹಾರ್ಯವನ್ನು ಉಳಿದ ಮೂರರ ಅಲಂಕಾರವೆಂದು ಬಗೆಯುವುದಿಲ್ಲ. ಪ್ರಯೋಗವೆಲ್ಲವೂ ಆಹಾರ್ಯವನ್ನು ಆಶ್ರಯಿಸಿ ನಿಂತಿದೆ ಎಂಬುದೇ ಅದರ ನಿಲುವು. ಆದರೆ ಆಧುನಿಕ ಕಾಲದ ರಂಗಚರಿತ್ರೆಗಳಲ್ಲಿ ಉಡುಪಿಗೆ ಸಿಕ್ಕಿರುವುದು ಕೊನೆಯ ಪುಟದ ಸ್ಥಾನ. ಕೃತಿ, ಕರ್ತೃ, ಕಾಲ, ವಸ್ತು, ಸಂಗೀತ, ನಟನೆ ಇವೆಲ್ಲವುಗಳ ಚರ್ಚೆ ಮುಗಿದ ಬಳಿಕ 'ವೇಷಭೂಷಣಗಳು ಆಕರ್ಷಕವಾಗಿದ್ದವು' ಎಂಬ ಒಂದು ವಾಕ್ಯ ಬರುತ್ತದೆ. ಅಲ್ಲಿಗೆ ಆ ವಿಚಾರ ಮುಗಿಯುತ್ತದೆ. ಉಡುಪು ಪ್ರದರ್ಶನದ ಮೇಲೆ ಹೊದಿಸಿದ ಹೊದಿಕೆ, ಅದನ್ನು ತೆಗೆದರೂ ಕೃತಿ ಹಾಗೆಯೇ ಉಳಿಯುತ್ತದೆ ಎಂಬ ಗ್ರಹಿಕೆ ಈ ವಾಕ್ಯದ ಹಿಂದಿದೆ.

ಈ ಗ್ರಹಿಕೆ ಎಷ್ಟು ದುರ್ಬಲವಾದುದು ಎಂಬುದನ್ನು ಪರೀಕ್ಷಿಸಲು ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳ ಬ್ಯಾಲೆ ಒಂದು ಒಳ್ಳೆಯ ನಿದರ್ಶನ. ಸೆರ್ಗೆಯ್ ಡಯಾಗಿಲೆವ್ 1909ರಲ್ಲಿ ಪ್ಯಾರಿಸ್ಸಿಗೆ ಕರೆತಂದ ರಷ್ಯನ್ ಕಲಾವಿದರ ತಂಡವು 1929ರಲ್ಲಿ ಆತ ವೆನಿಸ್ಸಿನಲ್ಲಿ ತೀರಿಕೊಳ್ಳುವವರೆಗೆ ಯುರೋಪಿನ ನೃತ್ಯ, ಸಂಗೀತ, ಚಿತ್ರಕಲೆಗಳ ದಿಕ್ಕನ್ನೇ ಬದಲಿಸಿತು. 'ಬ್ಯಾಲೆ ರೂಸ್' ಎಂದು ಹೆಸರಾದ ಈ ತಂಡ ತನ್ನ ಇಪ್ಪತ್ತು ವರ್ಷಗಳ ಬಾಳಿನಲ್ಲಿ ರಷ್ಯಾದಲ್ಲಿ ಒಮ್ಮೆಯೂ ಪ್ರದರ್ಶನ ನೀಡಲಿಲ್ಲ. ಈ ತಂಡದ ಚರಿತ್ರೆಯನ್ನು ನೃತ್ಯಸಂಯೋಜಕರ ಹಾಗೂ ಸಂಗೀತಕಾರರ ಚರಿತ್ರೆಯೆಂದು ಓದುವುದು ರೂಢಿ. ಅದನ್ನು ಬಟ್ಟೆಯ ಕಡೆಯಿಂದ ಓದಿದರೆ ಬೇರೆಯದೇ ಆದ ಕಥನವೊಂದು ತೆರೆದುಕೊಳ್ಳುತ್ತದೆ. ಉಡುಪು ನೃತ್ಯವನ್ನು ಹಿಂಬಾಲಿಸಲಿಲ್ಲ. ಹಲವು ಸಂದರ್ಭಗಳಲ್ಲಿ ಅದೇ ನೃತ್ಯವನ್ನು ನಿರ್ಧರಿಸಿತು ಎಂಬುದು ಆ ಕಥನದ ಸಾರ.

2

ಹತ್ತೊಂಬತ್ತನೆಯ ಶತಮಾನದ ಬ್ಯಾಲೆ ಒಂದು ನಿಶ್ಚಿತ ಉಡುಪಿನ ವ್ಯವಸ್ಥೆಯನ್ನು ರೂಪಿಸಿಕೊಂಡಿತ್ತು. 1832ರಲ್ಲಿ ಪ್ಯಾರಿಸ್ಸಿನಲ್ಲಿ 'ಲಾ ಸಿಲ್ಫೀಡ್' ಬ್ಯಾಲೆಯಲ್ಲಿ ಮರಿ ತಾಗ್ಲಿಯೋನಿ ಧರಿಸಿದ ತೆಳುಬಟ್ಟೆಯ ಬಿಳಿಯ ನಿಲುವಂಗಿ ಅದರ ಮೊದಲ ಮಾದರಿ. ತುದಿಬೆರಳ ಮೇಲೆ ನಿಲ್ಲುವ ತಂತ್ರ ಬೆಳೆದಂತೆ ಕಾಲಿನ ಚಲನೆ ಪ್ರೇಕ್ಷಕರಿಗೆ ಕಾಣಬೇಕೆಂಬ ಅಗತ್ಯವೂ ಬೆಳೆಯಿತು. ಲಂಗ ಮೊಣಕಾಲಿನಿಂದ ಮೇಲಕ್ಕೆ ಸರಿದು, ಕೊನೆಗೆ ಸೊಂಟದ ಸುತ್ತ ಅಡ್ಡಲಾಗಿ ಚಾಚಿದ 'ಟುಟು' ಆಯಿತು. ಸೆಂಟ್ ಪೀಟರ್ಸ್‌ಬರ್ಗಿನ ಸಾಮ್ರಾಜ್ಯಶಾಹಿ ರಂಗಭೂಮಿಯಲ್ಲಿ ಕಥೆ ಈಜಿಪ್ತಿನದಾಗಲಿ ಭಾರತದ್ದಾಗಲಿ, ಪ್ರಧಾನ ನರ್ತಕಿ ಇದೇ ಉಡುಪನ್ನು ತೊಡುತ್ತಿದ್ದಳು. ಅದರ ಅಂಚಿಗೆ ದೇಶಸೂಚಕವಾದ ಒಂದೆರಡು ಚಿತ್ತಾರಗಳನ್ನು ಹೊಲಿದರೆ ಸಾಕಾಗುತ್ತಿತ್ತು. ದೇಶಕಾಲಗಳನ್ನು ಮೀರಿದ ಒಂದು 'ಮಾರ್ಗ' ಇದೆ, ಅದಕ್ಕೆ ಒಂದೇ ದೇಹ, ಒಂದೇ ಉಡುಪು ಎಂಬ ನಂಬಿಕೆಯ ದೃಶ್ಯರೂಪವಿದು.

ಈ ನಂಬಿಕೆಯನ್ನು ಪ್ರಶ್ನಿಸಿದ ಮಿಖಾಯಿಲ್ ಫೋಕಿನ್ ಮೊದಲು ಎದುರಿಸಬೇಕಾಗಿ ಬಂದದ್ದು ಉಡುಪಿನ ನಿಯಮಗಳನ್ನು. ಅಮೆರಿಕದ ಇಸಡೋರ ಡಂಕನ್ ಬರಿಗಾಲಿನಲ್ಲಿ, ಬಿಗಿಪಟ್ಟಿಯಿಲ್ಲದ ಸಡಿಲ ಉಡುಪಿನಲ್ಲಿ ರಷ್ಯಾದಲ್ಲಿ ನರ್ತಿಸಿದ್ದು ಆಗಿನ್ನೂ ಹೊಸ ಸಂಗತಿಯಾಗಿತ್ತು. 1907ರಲ್ಲಿ ಪ್ರಾಚೀನ ರೋಮ್ ಜಗತ್ತಿನ ಕಥೆಯುಳ್ಳ 'ಯುನಿಸ್' ಬ್ಯಾಲೆಯನ್ನು ಸಂಯೋಜಿಸಿದಾಗ ನರ್ತಕರು ಬರಿಗಾಲಿನಲ್ಲಿರಬೇಕೆಂದು ಫೋಕಿನ್ ಬಯಸಿದ. ಸಾಮ್ರಾಜ್ಯಶಾಹಿ ರಂಗಭೂಮಿಯಲ್ಲಿ ಬರಿಗಾಲಿಗೆ ಅನುಮತಿಯಿರಲಿಲ್ಲ. ಕೊನೆಗೆ ಕಾಲಿಗೆ ಬಿಗಿಯಾಗಿ ಅಂಟುವ ಕಾಲುಚೀಲಗಳ ಮೇಲೆ ಬೆರಳುಗಳನ್ನು ಬಣ್ಣದಲ್ಲಿ ಬರೆಯಲಾಯಿತು. ಇದನ್ನು ನಗೆಯ ಪ್ರಸಂಗವೆಂದು ಬದಿಗಿರಿಸುವಂತಿಲ್ಲ. ಬರಿಗಾಲು ನೆಲವನ್ನು ಮುಟ್ಟುವ ಬಗೆ ಬೇರೆ, ಬಟ್ಟೆ ತೊಟ್ಟ ಕಾಲು ಮುಟ್ಟುವ ಬಗೆ ಬೇರೆ. ಕಾಲಿಗೆ ಏನು ತೊಡಬೇಕು ಎಂಬ ಆಡಳಿತದ ನಿಯಮವೊಂದು ಹೆಜ್ಜೆಯ ಸ್ವರೂಪದಲ್ಲಿಯೇ ಕೈಯಾಡಿಸಿತು ಎಂಬುದು ಇಲ್ಲಿನ ಮುಖ್ಯ ಅಂಶ.

1911ರ ಆರಂಭದಲ್ಲಿ ಇದಕ್ಕಿಂತ ಗಂಭೀರವಾದ ಘಟನೆ ನಡೆಯಿತು. 'ಜಿಸೆಲ್' ಬ್ಯಾಲೆಯ ಆಲ್ಬ್ರೆಕ್ಟ್ ಪಾತ್ರಕ್ಕೆ ವಾಸ್ಲಾವ್ ನಿಜಿನ್‌ಸ್ಕಿ ಚಿತ್ರಕಾರ ಅಲೆಕ್ಸಾಂಡರ್ ಬೆನುವಾ ರೂಪಿಸಿದ ಉಡುಪನ್ನು ತೊಟ್ಟ. ಅದರ ಮೇಲಂಗಿ ಗಿಡ್ಡವಾಗಿತ್ತು. ಪುರುಷ ನರ್ತಕರು ಬಿಗಿ ಉಡುಪಿನ ಮೇಲೆ ಕಡ್ಡಾಯವಾಗಿ ತೊಡುತ್ತಿದ್ದ ಚಡ್ಡಿ ಇರಲಿಲ್ಲ. ರಾಜಮಾತೆ ಸಭೆಯಲ್ಲಿದ್ದರು. ಉಡುಪು ಅಸಭ್ಯವೆಂಬ ಆಕ್ಷೇಪ ಬಂದು ನಿಜಿನ್‌ಸ್ಕಿಯನ್ನು ಸಾಮ್ರಾಜ್ಯಶಾಹಿ ರಂಗಭೂಮಿಯಿಂದ ವಜಾ ಮಾಡಲಾಯಿತು. ಅದುವರೆಗೆ ಸೇವೆಯ ರಜೆಯ ಕಾಲದಲ್ಲಿ ಮಾತ್ರ ಡಯಾಗಿಲೆವ್ ತಂಡಕ್ಕೆ ದೊರೆಯುತ್ತಿದ್ದ ಈ ನರ್ತಕ ವರ್ಷವಿಡೀ ಲಭ್ಯನಾದ. ಋತುಕಾಲಿಕವಾಗಿದ್ದ ತಂಡ ಅದೇ ವರ್ಷ ಶಾಶ್ವತ ತಂಡವಾಯಿತು. ಇದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಆಧುನಿಕ ಬ್ಯಾಲೆಯ ಸಾಂಸ್ಥಿಕ ಚರಿತ್ರೆಯ ಒಂದು ತಿರುವಿನಲ್ಲಿ ಒಂದು ಗಿಡ್ಡ ಅಂಗಿ ನಿಂತಿದೆ ಎಂಬುದನ್ನು ಅಲ್ಲಗಳೆಯಲಾಗದು.

3

ಈ ತಂಡದ ಉಡುಪುಗಳಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದುವು ಲಿಯಾನ್ ಬಾಕ್ಸ್ಟ್ ರೂಪಿಸಿದ 'ಪೌರ್ವಾತ್ಯ' ಉಡುಪುಗಳು. 1910ರ ಜೂನ್ 4ರಂದು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ 'ಶಹರಜಾದೆ' ಬ್ಯಾಲೆಯಲ್ಲಿ ಹಸಿರು, ನೀಲಿ, ಕಿತ್ತಳೆ, ಕೆಂಪು ಬಣ್ಣಗಳನ್ನು ಆತ ಪಕ್ಕಪಕ್ಕದಲ್ಲಿ ನಿಲ್ಲಿಸಿದ. ಸಡಿಲ ಇಜಾರ, ರುಮಾಲು, ಮುತ್ತಿನ ಸರ, ತೆರೆದ ನಡು ಇವುಗಳಿಂದ ಕೂಡಿದ ಈ ಉಡುಪಿನಲ್ಲಿ ಬಿಗಿಪಟ್ಟಿಗೆ ಎಡೆಯಿರಲಿಲ್ಲ. ಹೀಗಾಗಿ ಮುಂಡದ ಬಾಗು ತಿರುವುಗಳು ನೃತ್ಯದೊಳಕ್ಕೆ ಬಂದವು. ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಪಾಲ್ ಪುವಾರೆ ಮುಂದಿನ ವರ್ಷವೇ 'ಸಾವಿರದ ಎರಡನೆಯ ರಾತ್ರಿ' ಎಂಬ ಹೆಸರಿನ ಔತಣಕೂಟವನ್ನು ಏರ್ಪಡಿಸಿ ಅತಿಥಿಗಳೆಲ್ಲ ಪೌರ್ವಾತ್ಯ ವೇಷದಲ್ಲಿಯೇ ಬರಬೇಕೆಂದು ವಿಧಿಸಿದ. ರಂಗದ ಮೇಲಿನ ಜನಾನ ಧನಿಕರ ದಿವಾನಖಾನೆಗೆ ಇಳಿಯಿತು.

ಎಡ್ವರ್ಡ್ ಸೈದ್ ಅವರ ಚಿಂತನೆಯ ಪರಿಚಯವಿರುವ ಕನ್ನಡ ಓದುಗರಿಗೆ ಇದರ ವ್ಯಾಖ್ಯಾನ ಸುಲಭವಾಗಿ ಹೊಳೆಯುತ್ತದೆ: ಪೂರ್ವವನ್ನು ವಿಲಾಸ, ಕಾಮ, ಹಿಂಸೆಗಳ ತಾಣವಾಗಿ ಕಲ್ಪಿಸಿಕೊಳ್ಳುವ ಪ್ರಾಚ್ಯವಾದದ ಮತ್ತೊಂದು ಉದಾಹರಣೆ. ಈ ವ್ಯಾಖ್ಯಾನ ತಪ್ಪಲ್ಲ. ಆದರೆ ಅದು ಉಡುಪನ್ನು ನೋಡುವ ಮೊದಲೇ ಸಿದ್ಧವಾಗಿರುವ ತೀರ್ಮಾನ. ಉಡುಪನ್ನು ನೋಡಿದಾಗ ಏಳುವ ಪ್ರಶ್ನೆಗಳು ಇನ್ನಷ್ಟು ತೊಡಕಿನವು. ಪ್ಯಾರಿಸ್ಸಿನ ಕಣ್ಣಿಗೆ ರಷ್ಯಾವೇ ಅರ್ಧ ಪೂರ್ವವಾಗಿತ್ತು. ಆ ಕಣ್ಣಿಗೆ ಬೇಕಾದಂತೆ ತಮ್ಮನ್ನು ಪೂರ್ವವೆಂದು ತೋರಿಸಿಕೊಂಡ ರಷ್ಯನ್ನರು ತಾವು ಆಳುತ್ತಿದ್ದ ಮಧ್ಯ ಏಷ್ಯಾದ ಪಾಲಿಗೆ ಪಶ್ಚಿಮವಾಗಿದ್ದರು. ನೋಡುವವರು, ತೋರುವವರು, ತೋರಿಸಲ್ಪಡುವವರು ಎಂಬ ಮೂರು ನೆಲೆಗಳು ಒಂದೇ ಇಜಾರದಲ್ಲಿ ಹೆಣೆದುಕೊಂಡಿವೆ. ಪೂರ್ವ ಮತ್ತು ಪಶ್ಚಿಮ ಎಂಬ ಎರಡೇ ಪದಗಳಲ್ಲಿ ಇದನ್ನು ಬಿಡಿಸಲಾಗದು.

1912ರ ಮೇ 13ರಂದು ಪ್ರದರ್ಶನಗೊಂಡ 'ಲ ದಿಯ ಬ್ಲ', ಅಂದರೆ 'ನೀಲದೇವ', ಭಾರತಕ್ಕೆ ನೇರವಾಗಿ ಸಂಬಂಧಿಸಿದ ಬ್ಯಾಲೆ. ಕಥೆಯ ಕರ್ತೃಗಳಲ್ಲಿ ಜಾನ್ ಕಾಕ್ತೋ ಒಬ್ಬ. ಸಂಗೀತ ರೆನಾಲ್ಡೊ ಹಾನ್, ಸಂಯೋಜನೆ ಫೋಕಿನ್, ಉಡುಪು ಬಾಕ್ಸ್ಟ್. ಮೈಗೆ ನೀಲಿ ಬಣ್ಣ ಬಳಿದುಕೊಂಡ ನಿಜಿನ್‌ಸ್ಕಿ ಕಮಲದ ಕೊಳದಿಂದ ಮೇಲೆದ್ದು ಬರುವ ದೇವತೆಯಾಗಿದ್ದ. ಈ ದೇವತೆಯ ಬಣ್ಣ ಕೃಷ್ಣನನ್ನು ನೆನಪಿಸುತ್ತದೆ. ಆದರೆ ಉಡುಪಿನ ರೇಖೆ ಮತ್ತು ನೃತ್ಯದ ಭಂಗಿಗಳ ಮೂಲ ಬೇರೆಡೆಯಿದೆ: 1900ರಲ್ಲಿ ಸೆಂಟ್ ಪೀಟರ್ಸ್‌ಬರ್ಗಿಗೆ ಬಂದಿದ್ದ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ನರ್ತಕರ ಪ್ರದರ್ಶನ ಫೋಕಿನ್ ಹಾಗೂ ಬಾಕ್ಸ್ಟ್ ಇಬ್ಬರ ಮೇಲೂ ಪರಿಣಾಮ ಬೀರಿತ್ತು. ಅಂದರೆ ಹೆಸರು ಭಾರತದ್ದು, ರೇಖೆ ಸಯಾಮಿನದು, ಹೊಲಿಗೆ ಯುರೋಪಿನದು. ಯಾವ ಅಂಶ ಎಲ್ಲಿಂದ ಬಂತು ಎಂಬುದನ್ನು ಬಿಡಿಬಿಡಿಯಾಗಿ ಗುರುತಿಸುವ ಕೆಲಸವನ್ನು ಸಿದ್ಧಾಂತ ಮಾಡಿಕೊಡುವುದಿಲ್ಲ. ಪಾಠಾಂತರಗಳನ್ನು ಹೋಲಿಸುವ ಗ್ರಂಥಸಂಪಾದಕನ ತಾಳ್ಮೆ ಅದಕ್ಕೆ ಬೇಕು.

ಹನ್ನೊಂದು ವರ್ಷಗಳ ಬಳಿಕ ಇದೇ ಕೃಷ್ಣ ಇನ್ನೊಂದು ಬಗೆಯಲ್ಲಿ ಯುರೋಪಿನ ರಂಗದ ಮೇಲೆ ಬಂದ. ಭಾರತ ಪ್ರವಾಸ ಮುಗಿಸಿ ಹೋಗಿದ್ದ ಅನ್ನಾ ಪಾವ್ಲೋವಾ 1923ರಲ್ಲಿ ಲಂಡನ್ನಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದ ಉದಯಶಂಕರ್ ಅವರ ನೆರವಿನಿಂದ 'ರಾಧಾ ಕೃಷ್ಣ' ಮತ್ತು 'ಹಿಂದೂ ವಿವಾಹ' ಎಂಬ ಎರಡು ಕಿರುನೃತ್ಯಗಳನ್ನು ಪ್ರದರ್ಶಿಸಿದರು. ಕೃಷ್ಣನಾಗಿ ಉದಯಶಂಕರ್, ರಾಧೆಯಾಗಿ ಪಾವ್ಲೋವಾ. ಶಾಸ್ತ್ರೀಯ ನೃತ್ಯದ ಶಿಕ್ಷಣವಿಲ್ಲದ ಒಬ್ಬ ಚಿತ್ರಕಾರ ನರ್ತಕನಾದದ್ದು ಹೀಗೆ. ಪೂರ್ವವು ಪಶ್ಚಿಮದ ಕಣ್ಣಿನಲ್ಲಿ ತನ್ನನ್ನು ಕಂಡುಕೊಂಡಿತು ಎಂದು ಇದನ್ನು ಟೀಕಿಸಬಹುದು. ನೀಲಿ ಬಣ್ಣ ಬಳಿದ ಯುರೋಪಿಯನ್ ದೇಹದ ಜಾಗಕ್ಕೆ ಭಾರತೀಯ ದೇಹವೊಂದು ಬಂದು ನಿಂತಿತು ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೆ ಹೇಳಲಾಗದ ವಿಮರ್ಶೆ ಅಪೂರ್ಣ.

4

ಪೂರ್ವದ ಪ್ರಶ್ನೆಯಷ್ಟೇ ಮುಖ್ಯವಾದುದು ದೇಸಿಯ ಪ್ರಶ್ನೆ. 1913ರ ಮೇ 29ರಂದು ಪ್ಯಾರಿಸ್ಸಿನ ಷಾಂಜೆಲಿಜೆ ರಂಗಮಂದಿರದಲ್ಲಿ 'ವಸಂತದ ಆಚರಣೆ' ಪ್ರದರ್ಶನಗೊಂಡಾಗ ಎದ್ದ ಗದ್ದಲವನ್ನು ಸಂಗೀತಚರಿತ್ರೆಗಳು ಸ್ಟ್ರಾವಿನ್‌ಸ್ಕಿಯ ಲಯಕ್ಕೆ ಬಂದ ಪ್ರತಿಕ್ರಿಯೆ ಎಂದು ವಿವರಿಸುತ್ತವೆ. ಆದರೆ ಅಂದು ಪ್ರೇಕ್ಷಕರು ಕೇಳಿದ್ದು ಮಾತ್ರವಲ್ಲ, ಕಂಡದ್ದೂ ಅಷ್ಟೇ ಅಪರಿಚಿತವಾಗಿತ್ತು. ನಿಕೊಲಾಯ್ ರೋರಿಕ್ ರೂಪಿಸಿದ ಉಡುಪುಗಳು ದಪ್ಪನೆಯ ಫ್ಲಾನೆಲ್ ಬಟ್ಟೆಯ ಉದ್ದ ನಿಲುವಂಗಿಗಳು. ಅವುಗಳ ಮೇಲೆ ವೃತ್ತ, ಚೌಕ, ರೇಖೆಗಳ ಚಿತ್ತಾರಗಳನ್ನು ಬಣ್ಣದಲ್ಲಿ ಬರೆಯಲಾಗಿತ್ತು. ಕಾಲಿಗೆ ನಾರಿನ ಪಾದರಕ್ಷೆಯ ಮಾದರಿಯ ತೊಡುಗೆ. ಪ್ರಾಕ್ತನಶಾಸ್ತ್ರದಲ್ಲಿಯೂ ಪರಿಶ್ರಮವಿದ್ದ ರೋರಿಕ್ ಸ್ಮೊಲೆನ್‌ಸ್ಕ್ ಬಳಿಯ ತಲಾಷ್ಕಿನೊದಲ್ಲಿ ರಾಜಕುಮಾರಿ ತೆನಿಶೆವಾ ಕಲೆಹಾಕಿದ್ದ ಜನಪದ ಉಡುಪುಗಳನ್ನು ಆಕರವಾಗಿ ಬಳಸಿದ್ದರು. 1911ರಲ್ಲಿ ರೋರಿಕ್ ಮತ್ತು ಸ್ಟ್ರಾವಿನ್‌ಸ್ಕಿ ಕೃತಿಯ ರೂಪರೇಷೆಯನ್ನು ಸಿದ್ಧಪಡಿಸಿದ್ದೂ ಅಲ್ಲಿಯೇ.

ಹಗುರವಾದ ಟುಟು ದೇಹವನ್ನು ಮೇಲಕ್ಕೆ ಒಯ್ಯುವ ಉಡುಪು. ರೋರಿಕ್‌ರ ಫ್ಲಾನೆಲ್ ದೇಹವನ್ನು ನೆಲಕ್ಕೆ ಎಳೆಯುವ ಉಡುಪು. ಒಳಕ್ಕೆ ತಿರುಗಿದ ಪಾದಗಳು, ಬಾಗಿದ ಮೊಣಕಾಲು, ನೆಲವನ್ನು ಗುದ್ದುವ ಹೆಜ್ಜೆ ಎಂದು ನಿಜಿನ್‌ಸ್ಕಿಯ ಸಂಯೋಜನೆಯನ್ನು ವರ್ಣಿಸುವಾಗ ಈ ತೂಕವನ್ನು ಮರೆತರೆ ವರ್ಣನೆ ಅರ್ಧವಾಗುತ್ತದೆ. ಮಾರ್ಗದ ಉಡುಪು ಕಾಲನ್ನು ತೋರಿಸಿತು, ದೇಸಿಯ ಉಡುಪು ಮುಚ್ಚಿತು. ಕಾಲು ಮರೆಯಾದಾಗ ಕಣ್ಣಿಗೆ ಬಿದ್ದದ್ದು ಸಮೂಹ.

ಆದರೆ ಇದು ಯಾರ ದೇಸಿ? ರಾಜಕುಮಾರಿಯೊಬ್ಬಳ ಸಂಗ್ರಹದಿಂದ ಆಯ್ದು, ಚಿತ್ರಕಾರನ ಕುಂಚದಿಂದ ಹಾಯ್ದು, ಪ್ಯಾರಿಸ್ಸಿನ ಧನಿಕ ಪ್ರೇಕ್ಷಕರ ಮುಂದೆ ನಿಂತ ರೈತಾಪಿ ಉಡುಪು ದೇಸಿಯಾಗಿ ಉಳಿಯುತ್ತದೆಯೆ? ಈ ಪ್ರಶ್ನೆಗೆ ಉತ್ತರವನ್ನು ತಂಡದೊಳಗೇ ಹುಡುಕಿದವಳು ನಿಜಿನ್‌ಸ್ಕಿಯ ತಂಗಿ ಬ್ರೊನಿಸ್ಲಾವಾ ನಿಜಿನ್‌ಸ್ಕಾ. ರೈತ ಕುಟುಂಬದ ಮದುವೆಯನ್ನು ವಸ್ತುವಾಗುಳ್ಳ 'ಲೆ ನೋಸ್' ಬ್ಯಾಲೆಗೆ ನತಾಲಿಯಾ ಗೊಂಚರೋವಾ ಮೊದಲು ರೂಪಿಸಿದ್ದು ವರ್ಣಮಯವಾದ ಜನಪದ ಉಡುಪುಗಳನ್ನು. ನಿಜಿನ್‌ಸ್ಕಾ ಅವನ್ನು ಒಪ್ಪಲಿಲ್ಲ. 1923ರಲ್ಲಿ ರಂಗಕ್ಕೆ ಬಂದ ಕೃತಿಯಲ್ಲಿ ಉಳಿದದ್ದು ಕಂದು ಮತ್ತು ಬಿಳಿ ಬಣ್ಣಗಳು ಮಾತ್ರ. ಹೆಣ್ಣಿನ ಒಪ್ಪಿಗೆಯನ್ನು ಕೇಳದ ಮದುವೆಯ ಕಾಠಿಣ್ಯ ಅವುಗಳಲ್ಲಿ ಎದ್ದು ಕಂಡಿತು. ಕಸೂತಿಯ ವೈಭವ ಇದ್ದಿದ್ದರೆ ಆ ದುಃಖ ಹಬ್ಬವಾಗಿ ತೋರುತ್ತಿತ್ತು. ಜನಪದವನ್ನು ಬಣ್ಣವಾಗಿ ಪ್ರದರ್ಶಿಸುವುದು ಒಂದು ಆಯ್ಕೆ, ಅದರ ಬದುಕನ್ನು ಅರಿಯಲು ಬಣ್ಣವನ್ನೇ ಕಳಚುವುದು ಇನ್ನೊಂದು. ಈ ಎರಡನೆಯ ಆಯ್ಕೆಯನ್ನು ಮಾಡಿದವಳು ಒಬ್ಬ ಮಹಿಳೆ ಎಂಬುದು ಆಕಸ್ಮಿಕವೆಂದು ತೋರುವುದಿಲ್ಲ.

5

ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಉಡುಪು ಮತ್ತು ದೇಹದ ಸಂಬಂಧವೇ ಪ್ರಯೋಗದ ವಸ್ತುವಾಯಿತು. ಯುದ್ಧದ ನಡುವೆಯೇ, 1917ರ 'ಪರೇಡ್' ಬ್ಯಾಲೆಗೆ ಪಿಕಾಸೊ ರಟ್ಟಿನಿಂದ ನಿರ್ಮಿಸಿದ ಆಳೆತ್ತರವನ್ನೂ ಮೀರಿದ ವೇಷಗಳಲ್ಲಿ ನರ್ತಕ ನಡೆದಾಡುವ ಕಟ್ಟಡವಾದ. 1922ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಓಸ್ಕರ್ ಷ್ಲೆಮ್ಮರ್ ಪ್ರದರ್ಶಿಸಿದ 'ತ್ರಿಯಾದಿಕ್ ಬ್ಯಾಲೆ'ಯಲ್ಲಿ ಗೋಳ, ಶಂಕು, ಚಕ್ರಗಳ ಆಕಾರದ ಉಡುಪುಗಳೇ ಚಲನೆಯ ಮಿತಿಯನ್ನೂ ಸಾಧ್ಯತೆಯನ್ನೂ ಗೊತ್ತುಪಡಿಸಿದವು. 1924ರ 'ಲ ತ್ರಾಂ ಬ್ಲ' ಬ್ಯಾಲೆಗೆ ಕೊಕೊ ಶನೆಲ್ ಕೊಟ್ಟದ್ದು ಹೆಣೆದ ಉಣ್ಣೆಯ ಈಜುಡುಗೆಗಳನ್ನು. ಅವು ರಂಗವೇಷಗಳಾಗಿರದೆ ಅಂದಿನ ಧನಿಕರ ನಿತ್ಯದ ಉಡುಪುಗಳೇ ಆಗಿದ್ದವು. ಒಂದು ಕಡೆ ಉಡುಪು ದೇಹವನ್ನು ನುಂಗಿತು, ಇನ್ನೊಂದು ಕಡೆ ವೇಷವೇ ಇಲ್ಲದಂತಾಯಿತು.

ಇವೆಲ್ಲದರ ಆರ್ಥಿಕ ಮುಖವನ್ನು ತೋರುವುದು 1921ರಲ್ಲಿ ಲಂಡನ್ನಿನ ಅಲ್ಹಾಂಬ್ರಾ ರಂಗಮಂದಿರದಲ್ಲಿ ಡಯಾಗಿಲೆವ್ ಪ್ರದರ್ಶಿಸಿದ 'ನಿದ್ರಿಸುವ ರಾಜಕುಮಾರಿ'. ಬಾಕ್ಸ್ಟ್ ರೂಪಿಸಿದ ವೈಭವದ ಉಡುಪು ಮತ್ತು ರಂಗಸಜ್ಜಿಕೆಗಳ ವೆಚ್ಚವನ್ನು ನೂರಕ್ಕೂ ಮಿಕ್ಕಿದ ಪ್ರದರ್ಶನಗಳಿಂದಲೂ ತುಂಬಿಕೊಳ್ಳಲಾಗಲಿಲ್ಲ. ಸಾಲಕ್ಕೆ ಪ್ರತಿಯಾಗಿ ಉಡುಪುಗಳನ್ನು ರಂಗಮಂದಿರದ ಮಾಲೀಕರು ವಶಕ್ಕೆ ತೆಗೆದುಕೊಂಡರು. ಕಲಾಕೃತಿಯೊಂದು ಅಡವಿನ ವಸ್ತುವಾದದ್ದು ಹೀಗೆ.

ಈ ಉಡುಪುಗಳ ಮರುಬದುಕು ಸಂಶೋಧಕರಿಗೆ ಅತ್ಯಂತ ಮುಖ್ಯವಾದುದು. ಬ್ಯಾಲೆ ರೂಸ್ ಪ್ರದರ್ಶನಗಳ ಚಲನಚಿತ್ರ ದಾಖಲೆ ಇಲ್ಲವೆನ್ನುವಷ್ಟು ಕಡಿಮೆ. ಹೆಜ್ಜೆಗಳು ಮರೆತುಹೋದವು, ಪೆಟ್ಟಿಗೆಗಳಲ್ಲಿ ಬಟ್ಟೆ ಉಳಿಯಿತು. 1960ರ ದಶಕದ ಕೊನೆಯಿಂದ 1973ರವರೆಗೆ ಲಂಡನ್ನಿನಲ್ಲಿ ನಡೆದ ಹರಾಜುಗಳ ಮೂಲಕ ಅವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ, ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆ ಮೊದಲಾದ ಸಂಸ್ಥೆಗಳನ್ನು ಸೇರಿದವು. ಮಿಲಿಸೆಂಟ್ ಹಾಡ್ಸನ್ ಮತ್ತು ಕೆನೆತ್ ಆರ್ಚರ್ ಬಹುವರ್ಷಗಳ ಸಂಶೋಧನೆಯಿಂದ ಪುನಾರಚಿಸಿದ 'ವಸಂತದ ಆಚರಣೆ' 1987ರಲ್ಲಿ ಜಾಫ್ರಿ ಬ್ಯಾಲೆ ತಂಡದಿಂದ ರಂಗಕ್ಕೆ ಬಂದಾಗ ಅದರ ಹಿಂದೆ ರೇಖಾಚಿತ್ರ, ಟಿಪ್ಪಣಿ, ನೆನಪುಗಳ ಜೊತೆಗೆ ಉಳಿದಿದ್ದ ಉಡುಪುಗಳ ಸಾಕ್ಷ್ಯವೂ ಇತ್ತು. ಪುನಾರಚನೆ ಎಷ್ಟು ನಿಖರ ಎಂಬ ಚರ್ಚೆ ಬೇರೆ. ಕಳೆದುಹೋದ ನೃತ್ಯಕ್ಕೆ ಉಡುಪು ಆಕರವಾಗಬಲ್ಲದು ಎಂಬುದಂತೂ ಸ್ಥಾಪಿತವಾಯಿತು. ಬೆವರಿನ ಕಲೆ, ಮರುಹೊಲಿಗೆ, ಕೊರಳಪಟ್ಟಿಯ ಒಳಗೆ ಶಾಯಿಯಲ್ಲಿ ಬರೆದ ನರ್ತಕರ ಹೆಸರು ಇವೆಲ್ಲ ಶಾಸನದ ಅಕ್ಷರಗಳಷ್ಟೇ ಓದಬೇಕಾದ ಬರಹಗಳು. ಬಾಕ್ಸ್ಟ್, ಪಿಕಾಸೊ ಎಂಬ ಹೆಸರುಗಳು ಪ್ರದರ್ಶನಫಲಕಗಳ ಮೇಲಿವೆ. ಬಣ್ಣ ಅದ್ದಿದವರ, ಹೊಲಿದವರ ಗುರುತು ಉಳಿದಿರುವುದು ಹೊಲಿಗೆಯಲ್ಲಿ ಮಾತ್ರ.

6

ಈ ಚರಿತ್ರೆ ಕನ್ನಡ ಸಂಶೋಧನೆಗೆ ದೂರದ್ದಲ್ಲ. 'ವಸಂತದ ಆಚರಣೆ'ಯ ಉಡುಪುಗಳನ್ನು ರೂಪಿಸಿದ ರೋರಿಕ್ ಮುಂದೆ ಭಾರತಕ್ಕೆ ಬಂದು ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿ 1947ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಮಗ ಸ್ವೆತಾಸ್ಲಾವ್ ರೋರಿಕ್ ಪತ್ನಿ ದೇವಿಕಾರಾಣಿಯವರೊಂದಿಗೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ಬಾಳಿದರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಕ್ಕಳಿಬ್ಬರ ಚಿತ್ರಗಳಿವೆ. ಅಲ್ಲಿ ನಿಕೊಲಾಯ್ ರೋರಿಕ್ ಹಿಮಾಲಯದ ಚಿತ್ರಕಾರನೆಂದು ಪರಿಚಿತರು. ಯುರೋಪಿನ ರಂಗವೇಷದ ಚರಿತ್ರೆಯನ್ನು ತಿರುಗಿಸಿದ ಕೈ ಅದೇ ಎಂಬುದು ಕನ್ನಡ ರಂಗವಿಮರ್ಶೆಯ ಗಮನಕ್ಕೆ ಬರಬೇಕಾಗಿದೆ.

'ಬ್ಯಾಲೆ' ಎಂಬ ಪದವನ್ನು ಕನ್ನಡಕ್ಕೆ ಗಂಭೀರವಾಗಿ ತಂದವರು ಶಿವರಾಮ ಕಾರಂತರು. ಮಾತನ್ನು ಕೈಬಿಟ್ಟು, ಪಿಟೀಲು ಮತ್ತು ಸ್ಯಾಕ್ಸೊಫೋನುಗಳನ್ನು ಸೇರಿಸಿಕೊಂಡು ಅವರು ರೂಪಿಸಿದ ಯಕ್ಷಗಾನ ಬ್ಯಾಲೆಯ ಕುರಿತು ಪರವಿರೋಧದ ಚರ್ಚೆಗಳು ಬಹಳ ನಡೆದಿವೆ. ಆ ಚರ್ಚೆಗಳ ಬಹುಪಾಲು ಮಾತಿನ ಲೋಪವನ್ನು ಕುರಿತದ್ದು. ವಾಚಿಕ ತೆರವು ಮಾಡಿದ ಜಾಗವನ್ನು ಆಹಾರ್ಯ ಹೇಗೆ ತುಂಬಿತು, ಮಾತಿಲ್ಲದ ವೇಷ ಮಾತುಳ್ಳ ವೇಷಕ್ಕಿಂತ ಬೇರೆಯಾಗಿ ನಿಲ್ಲುತ್ತದೆಯೆ ಎಂಬ ಪ್ರಶ್ನೆಗಳು ಹಿಂದೆ ಸರಿದವು. 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತಮ್ಮ 'ಯಕ್ಷಗಾನ ಬಯಲಾಟ' ಗ್ರಂಥದಲ್ಲಿ ಕಾರಂತರು ವೇಷಭೂಷಣಗಳನ್ನು ಸ್ವತಂತ್ರ ವಿಷಯವಾಗಿಯೇ ಪರಿಶೀಲಿಸಿದ್ದರು. ಆ ದಾರಿಯಲ್ಲಿ ಮುಂದುವರಿದ ಅಧ್ಯಯನಗಳು ಪ್ರಸಂಗಪಠ್ಯಗಳ ಅಧ್ಯಯನಕ್ಕೆ ಹೋಲಿಸಿದರೆ ಕಡಿಮೆ.

ಇದರ ಕಾರಣ ಕನ್ನಡ ವಿಭಾಗಗಳ ಶಿಸ್ತಿನಲ್ಲಿಯೇ ಇದೆ. ಬರಹ ಮಾತ್ರ ಪಠ್ಯ ಎಂಬ ನಂಬಿಕೆಯಿಂದ ಹೊರಟ ಶಿಸ್ತು ಮೌಖಿಕವನ್ನು ಒಪ್ಪಿಕೊಳ್ಳಲು ದಶಕಗಳನ್ನು ತೆಗೆದುಕೊಂಡಿತು. ಜನಪದ ಗೀತೆ, ಕಾವ್ಯಗಳು ಇಂದು ಪಠ್ಯಗಳೆಂದು ಮಾನ್ಯವಾಗಿವೆ. ಅದೇ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದರೆ ಚೌಕಿಯ ಪೆಟ್ಟಿಗೆಯಲ್ಲಿರುವ ಕೇದಗೆ ಮುಂದಲೆಯೂ ಭುಜಕೀರ್ತಿಯೂ ಪಠ್ಯಗಳೇ. ತಾಳೆಗರಿಯ ಪ್ರತಿಯೊಂದು ಗೆದ್ದಲು ಹಿಡಿದಾಗ ಆಗುವ ನಷ್ಟಕ್ಕೂ ಮರದ ಹಳೆಯ ಆಭರಣವೊಂದು ಒಲೆ ಸೇರಿದಾಗ ಆಗುವ ನಷ್ಟಕ್ಕೂ ಜಾತಿಭೇದವಿಲ್ಲ. ಮೊದಲನೆಯದಕ್ಕೆ ಸೂಚಿಗಳಿವೆ, ಸಂಪಾದನಾಶಾಸ್ತ್ರವಿದೆ. ಎರಡನೆಯದಕ್ಕೂ ಅಂಥ ಶಾಸ್ತ್ರವೊಂದು ಬೇಕು: ವೇಷದ ಅಳತೆ, ತೂಕ, ಬಟ್ಟೆ, ಬಣ್ಣದ ಮೂಲ, ತಯಾರಿಸಿದವರ ಹೆಸರು, ತೊಟ್ಟವರ ಅನುಭವ, ದುರಸ್ತಿಯ ಗುರುತು ಇವುಗಳನ್ನು ಒಂದೇ ಕ್ರಮದಲ್ಲಿ ದಾಖಲಿಸುವ ವಿವರಣಾತ್ಮಕ ಸೂಚಿ.

ಇದಕ್ಕೆ ಯುರೋಪಿನ ದೊಡ್ಡ ವಸ್ತುಸಂಗ್ರಹಾಲಯಗಳ ಸಂಪತ್ತು ಬೇಕೆಂದೇನೂ ಇಲ್ಲ. ಒಂದು ಮೇಳದ ಒಂದು ಪೆಟ್ಟಿಗೆಯ ಸಮಗ್ರ ದಾಖಲೆ ಒಂದು ಪಿಎಚ್.ಡಿ. ಮಹಾಪ್ರಬಂಧಕ್ಕೆ ಸಾಕಾಗುವಷ್ಟು ವಸ್ತು. ಬ್ಯಾಲೆಯ ಉಡುಪುಗಳಾದರೂ ಸಾಲಗಾರರ ಮುಟ್ಟುಗೋಲು, ಹರಾಜುಗಳ ದೆಸೆಯಿಂದ ಉಳಿದುಬಂದವು, ಅವುಗಳಿಗೆ ಬೆಲೆಯಿತ್ತು. ಬಯಲಾಟದ ಹಳೆಯ ವೇಷಗಳಿಗೆ ಅಂಥ ಮಾರುಕಟ್ಟೆಯಿಲ್ಲ. ಅವುಗಳ ಬೆಲೆಯನ್ನು ನಿರ್ಧರಿಸುವ ಹೊಣೆ ಸಂಶೋಧನೆಯ ಮೇಲೆಯೇ ಇದೆ. ವೇಷ ಕಟ್ಟಬಲ್ಲ ಹಿರಿಯ ಕೈಗಳು ಇನ್ನೂ ಇರುವಾಗಲೇ ಆ ಕೆಲಸ ಆರಂಭವಾಗಬೇಕು.